ವೃದ್ಧನಿಲಯಗಳ ಕಾಲಕ್ಷೇಪ

ಇಂಗ್ಲೆಂಡು, ಅಮೆರಿಕ ಮೊದಲಾದ ದೇಶಗಳ ವೃದ್ಧನಿಲಯಗಳಲ್ಲಿ ಈಗ ಒಂದು ಹುದ್ದೆಯುಂಟು. ಅದನ್ನು ವಹಿಸಿದವರು ವೈದ್ಯರಲ್ಲ, ದಾದಿಯರಲ್ಲ, ಅಡಿಗೆಯವರಲ್ಲ, ಲೆಕ್ಕ ಬರೆಯುವ ಗುಮಾಸ್ತರೂ ಅಲ್ಲ. ನಿಲಯದಲ್ಲಿರುವ ಮುದುಕರು ಬೆಳಗ್ಗೆ ಎದ್ದು ಮುಖ ತೊಳೆದುದು ಮೊದಲಾಗಿ ರಾತ್ರಿ ದೀಪ ಆರಿಸುವವರೆಗಿನ ಹೊತ್ತನ್ನು ಯಾವ ರೀತಿಯಲ್ಲಿ ಕಳೆಯಬೇಕೆಂಬುದನ್ನು ಆಲೋಚಿಸಿ ಏರ್ಪಡಿಸುವುದೇ ಅವರ ಕೆಲಸ. ಅಲ್ಲಿಯವರು ಇವರನ್ನು ‘ಆಕ್ಟಿವಿಟಿ ಕೋಆರ್ಡಿನೇಟರ್’ ಎಂದು ಕರೆಯುತ್ತಾರೆ. ನಾವು ಕಲಾಪಯೋಜಕರು ಎನ್ನಬಹುದು. ಹಾಡುವುದು, ಓದಿ ಹೇಳುವುದು, ಹೆಣಿಗೆ, ತೋಟದ ಕೆಲಸ, ಹಳೆಯ ಚಿತ್ರಪಟಗಳನ್ನು ಮುಂದಿಟ್ಟುಕೊಂಡು ಮಾತನಾಡುವುದು, ಇವೇ ಅವರ ಸಾಮಗ್ರಿ. ಇಷ್ಟಕ್ಕೂ ಒಬ್ಬರನ್ನು ಸಂಬಳ ಕೊಟ್ಟು ಇಡಬೇಕೆ ಎಂದು ನಮ್ಮವರಲ್ಲಿ ಕೆಲವರು ನಗುವುದನ್ನು ನಾನು ಕೇಳಿದ್ದೇನೆ. ನಗುವುದಕ್ಕೆ ಮೊದಲು ಈ ಹುದ್ದೆ ಹುಟ್ಟಿಬಂದ ಬಗೆಯನ್ನು ತಿಳಿದುಕೊಳ್ಳುವುದು ಒಳ್ಳೆಯದು. ಇದರ ಹಿಂದೆ ಇನ್ನೂರು ವರ್ಷಗಳಿಗೂ ಮೀರಿದ ಚರಿತ್ರೆಯಿರುವುದು. ಅದರಲ್ಲಿ ವಿನೋದದ ಪಾಲು ಬಹಳ ಕಡಮೆ.

ನಮ್ಮ ನುಡಿಯಲ್ಲಿ ‘ಕಾಲಕ್ಷೇಪ’ ಎಂಬ ಮಾತಿಗೆ ಎರಡು ಅರ್ಥ. ಹೊತ್ತು ಹೋಗದೆ ಹೇಗೋ ದಿನ ನೂಕುವುದೂ ಕಾಲಕ್ಷೇಪವೇ; ಹತ್ತು ಮಂದಿ ಕಲೆತು ಹರಿಕಥೆಯನ್ನು ಕೇಳುವುದೂ, ಗುರುಮುಖದಿಂದ ಗ್ರಂಥಪಾಠವನ್ನು ನಡೆಸುವುದೂ ಕಾಲಕ್ಷೇಪವೇ. ಮೊದಲನೆಯದರಲ್ಲಿ ಕಾಲವು ಹೊರೆ, ಎರಡನೆಯದರಲ್ಲಿ ಅದು ದ್ರವ್ಯ. ಅನಾಥವೃದ್ಧರನ್ನು ಒಂದೇ ಸೂರಿನಡಿಯಲ್ಲಿ ಕೂಡಿಹಾಕಿದ ಸಂಸ್ಥೆಗಳು ಈ ಎರಡು ಅರ್ಥಗಳ ನಡುವೆ ಹೇಗೆ ಅಲೆದಾಡಿದುವು ಎಂಬುದೇ ಪ್ರಕೃತ ಲೇಖನದ ವಿಷಯ. ಆ ಚರಿತ್ರೆಯನ್ನು ಓದುವಾಗ ನಾನು ಮೂರು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದುಕೊಂಡಿರುವೆನು. ಮುದುಕನು ಮಾಡಿದ ಕೆಲಸ ಯಾರಿಗಾದರೂ ಬೇಕಾಗಿತ್ತೆ? ಅದನ್ನು ಒಲ್ಲೆನೆನ್ನುವ ಅಧಿಕಾರ ಅವನಿಗಿತ್ತೆ? ಅವನ ಹೆಸರನ್ನು ಬಲ್ಲವರು ಅದನ್ನು ಅವನ ಮುಂದೆ ಇಟ್ಟರೆ?

ಇಂಗ್ಲೆಂಡಿನ ಪಾರ್ಲಿಮೆಂಟು ೧೮೩೪ರಲ್ಲಿ ಬಡವರ ಕಾಯಿದೆಯನ್ನು ತಿದ್ದಿತು. ಅದಕ್ಕೆ ಹಿಂದೆ ನಿರ್ಗತಿಕರಿಗೆ ಅವರವರ ಪ್ಯಾರಿಷ್ ಎಂಬ ಗ್ರಾಮವಿಭಾಗದವರು ಮನೆಗೇ ಅಷ್ಟಿಷ್ಟು ಸಹಾಯ ಮಾಡುತ್ತಿದ್ದರು. ಇದರಿಂದ ಸೋಮಾರಿತನ ಬೆಳೆಯಿತೆಂದು ಎಣಿಸಿ, ದುಡಿಯಲು ಶಕ್ತನಾದವನಿಗೆ ಸಹಾಯ ಬೇಕಿದ್ದರೆ ಅವನು ‘ವರ್ಕ್‌ಹೌಸ್’ ಎಂಬ ದುಡಿಮೆಯ ಮನೆಯೊಳಕ್ಕೆ ಬಂದಿರತಕ್ಕದ್ದೆಂದೂ, ಅಲ್ಲಿಯ ಬಾಳು ಹೊರಗಿನ ಕಡುಬಡ ಕೂಲಿಯವನ ಬಾಳಿಗಿಂತ ಹೀನವಾಗಿರತಕ್ಕದ್ದೆಂದೂ ಹೊಸ ಕಾಯಿದೆಯ ಕರ್ತರು ಸಿದ್ಧಾಂತ ಮಾಡಿದರು. ಮೈಗಟ್ಟಿಯಾದ ಸೋಮಾರಿಯೇ ಅವರ ಗುರಿ. ಆದರೆ ಮೈಗಟ್ಟಿಯಾದವನು ಹೇಗಾದರೂ ಮಾಡಿ ಹೊರಗೇ ಉಳಿದುಕೊಂಡನು. ಒಳಕ್ಕೆ ಬಂದು ಮರಳಿ ಹೊರಡಲಾರದೆ ನಿಂತವರಲ್ಲಿ ಬಹುಮಂದಿ ಮುದುಕರು, ದೀರ್ಘರೋಗಿಗಳು, ತಬ್ಬಲಿ ಮಕ್ಕಳು. ಬಾಣವನ್ನು ಹೂಡಿದ್ದು ಒಬ್ಬನಿಗೆ, ಅದು ನಾಟಿದ್ದು ಇನ್ನೊಬ್ಬನಿಗೆ.

ಆ ಮನೆಗಳಲ್ಲಿ ಕೆಲಸಕ್ಕೆ ಕೊರತೆಯಿರಲಿಲ್ಲ. ಕಲ್ಲು ಒಡೆಯುವುದು, ಗೊಬ್ಬರಕ್ಕಾಗಿ ಮೂಳೆ ಕುಟ್ಟುವುದು, ಹಡಗಿನ ಹಳೆಯ ಹಗ್ಗಗಳನ್ನು ಬಿಚ್ಚುವುದು ಇವು ಮುಖ್ಯವಾದುವು. ಕಡೆಯದನ್ನು ಸ್ವಲ್ಪ ವಿವರಿಸಬೇಕು. ಮರದ ಹಡಗಿನ ಹಲಗೆಗಳ ಸಂದುಗಳಲ್ಲಿ ನೀರು ಇಳಿಯದಂತೆ ನಾರನ್ನು ತುರುಕಿ ಮೇಲೆ ಡಾಂಬರು ಬಳಿಯುತ್ತಿದ್ದರು. ಆ ನಾರಿಗಾಗಿ, ಸಮುದ್ರದಲ್ಲಿ ಸವೆದು ಡಾಂಬರು ಹಿಡಿದು ಕಲ್ಲಿನಂತಾದ ಹಗ್ಗದ ತುಂಡುಗಳನ್ನು ತೂಕ ಮಾಡಿ ಕೊಟ್ಟು, ಎಳೆ ಎಳೆಯಾಗಿ ಬೆರಳಿನಿಂದ ಬಿಡಿಸುವಂತೆ ಹೇಳುತ್ತಿದ್ದರು. ಹೆಂಗಸರೂ ಮುದುಕರೂ ಇದರಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಸೆರೆಮನೆಯಲ್ಲಿ ಅಪರಾಧಿಗಳಿಗೆ ವಿಧಿಸುತ್ತಿದ್ದುದೂ ಇದೇ ಕೆಲಸ. ಕಳ್ಳನಿಗೆ ಶಿಕ್ಷೆಯಾದುದು ಮುದುಕನಿಗೆ ಆಶ್ರಯದ ಬೆಲೆಯಾಯಿತು. ಮೂಳೆ ಕುಟ್ಟುವ ಕೆಲಸವಂತೂ ೧೮೪೫ರಲ್ಲಿ ದೇಶವನ್ನೇ ತಲೆತಗ್ಗಿಸುವಂತೆ ಮಾಡಿತು. ಆಂಡೋವರ್ ಎಂಬ ಊರಿನ ವರ್ಕ್‌ಹೌಸಿನಲ್ಲಿ ಹಸಿವು ತಾಳಲಾರದೆ, ಕುಟ್ಟಲು ಕೊಟ್ಟ ಮೂಳೆಗಳಲ್ಲಿ ಉಳಿದಿದ್ದ ಮಜ್ಜೆಯನ್ನು ನಿವಾಸಿಗಳು ಹೀರುತ್ತಿದ್ದರೆಂಬುದು ಬಯಲಾಯಿತು. ಪಾರ್ಲಿಮೆಂಟು ವಿಚಾರಣೆ ನಡೆಸಿತು. ಮೂಳೆಯ ಕೆಲಸ ನಿಂತಿತು.

ಆ ಮನೆಗಳ ಇನ್ನೊಂದು ಕ್ರಮವನ್ನು ನಮ್ಮ ವಾಚಕರು ನಂಬಲಾರರೇನೋ. ಬಾಗಿಲಲ್ಲಿಯೇ ಗಂಡಸರನ್ನು ಒಂದು ಕಡೆಗೂ ಹೆಂಗಸರನ್ನು ಒಂದು ಕಡೆಗೂ ಕಳುಹಿಸುತ್ತಿದ್ದರು. ನಲವತ್ತು ವರ್ಷ ಸಂಸಾರ ಮಾಡಿದ ದಂಪತಿಗಳಿಗೂ ಇದೇ ವಿಧಿ. ಅರುವತ್ತು ವರ್ಷ ದಾಟಿದ ಗಂಡಹೆಂಡಿರು ಕೇಳಿಕೊಂಡರೆ ಒಂದೇ ಕೋಣೆ ಕೊಡಬಹುದೆಂದು ೧೮೪೭ರಲ್ಲಿ ಕಾನೂನು ಸಡಿಲವಾಯಿತು. ಆದರೆ ಅಂತಹ ಕೋಣೆಗಳನ್ನು ಕಟ್ಟಿಸಿದ ಊರುಗಳು ವಿರಳ.

ಹಗ್ಗ ಬಿಚ್ಚುವುದಕ್ಕೂ ಕೈಲಾಗದಷ್ಟು ಕುಗ್ಗಿದವರ ಗತಿ ಇನ್ನೂ ವಿಚಿತ್ರವಾಗಿದ್ದಿತು. ಅವರಿಗೆ ಏನೂ ಕೆಲಸವಿಲ್ಲ. ಒಂದೇ ಬಗೆಯ ಅಂಗಿ ತೊಟ್ಟು, ಗೋಡೆಯ ಉದ್ದಕ್ಕೂ ಹಾಕಿದ ಬೆಂಚುಗಳ ಮೇಲೆ, ಊಟದ ಗಂಟೆಯಿಂದ ಊಟದ ಗಂಟೆಯವರೆಗೆ ಕುಳಿತಿರುವುದೇ ಅವರ ದಿನಚರ್ಯೆ. ಹೀಗೆ ಒಂದೇ ಮನೆಯಲ್ಲಿ ಒಬ್ಬರಿಗೆ ದಂಡನೆಯಂತಹ ದುಡಿಮೆ, ಇನ್ನೊಬ್ಬರಿಗೆ ದಂಡನೆಯಂತಹ ವಿರಾಮ. ನಾನು ಮೊದಲು ಹೇಳಿದ ಮೂರು ಪ್ರಶ್ನೆಗಳಿಗೂ ಇಲ್ಲಿ ಉತ್ತರ ‘ಇಲ್ಲ’ ಎಂಬುದೇ. ಹಡಗುಕಟ್ಟೆಗೆ ನಾರು ಬೇಕಾಗಿತ್ತೆಂಬುದು ನಿಜ; ಆದರೆ ಆ ಮುದುಕನು ಬಿಡಿಸಿದ ನಾರೇ ಬೇಕೆಂದು ಕಾದವರು ಯಾರೂ ಇರಲಿಲ್ಲ.

ಇದಕ್ಕೆ ಎದುರಾದ ಬೇರೊಂದು ಧಾರೆ ಅದೇ ದೇಶದಲ್ಲಿ ಇನ್ನೂ ಮೊದಲೇ ಹುಟ್ಟಿದ್ದಿತು. ಯಾರ್ಕ್ ನಗರದ ಹುಚ್ಚರ ಆಸ್ಪತ್ರೆಯಲ್ಲಿ ೧೭೯೦ರಲ್ಲಿ ಹ್ಯಾನಾ ಮಿಲ್ಸ್ ಎಂಬ ಕ್ವೇಕರ್ ಪಂಥದ ಹೆಂಗಸು ತೀರಿಕೊಂಡಳು. ಪಂಥದ ಬಂಧುಗಳು ನೋಡಲು ಹೋದಾಗ ಅವರನ್ನು ಒಳಗೆ ಬಿಟ್ಟಿರಲಿಲ್ಲ. ಇದರಿಂದ ನೊಂದು, ಚಹದ ವರ್ತಕನಾಗಿದ್ದ ವಿಲಿಯಂ ಟ್ಯೂಕ್ ಎಂಬ ಕ್ವೇಕರ್ ಗೃಹಸ್ಥನು ೧೭೯೬ರಲ್ಲಿ ‘ರಿಟ್ರೀಟ್’ ಎಂಬ ನಿಲಯವನ್ನು ತೆರೆದನು. ಅಲ್ಲಿ ಸಂಕೋಲೆಗಳಿಲ್ಲ. ರೋಗಿಗಳು ತೋಟದಲ್ಲಿ ಕೆಲಸ ಮಾಡಿದರು, ಹೊಲಿದರು, ಅಂಗಳದಲ್ಲಿ ಬಿಟ್ಟಿದ್ದ ಮೊಲಗಳನ್ನೂ ಕೋಳಿಗಳನ್ನೂ ನೋಡಿಕೊಂಡರು. ಅತಿಥಿಗಳಂತೆ ಉಡುಪು ಧರಿಸಿ ಚಹದ ಕೂಟಕ್ಕೆ ಬಂದರು. ಟ್ಯೂಕನ ಮೊಮ್ಮಗ ಸ್ಯಾಮ್ಯುಯಲ್ ೧೮೧೩ರಲ್ಲಿ ಈ ನಿಲಯದ ವೃತ್ತಾಂತವನ್ನು ಗ್ರಂಥವಾಗಿ ಬರೆದು ಪ್ರಕಟಿಸಿದನು. ಚಿತ್ತವಿಕಲರಾದವರಿಗೂ ಕೈಗೆ ಒಂದು ಕೆಲಸ, ಪ್ರೀತಿಸಲು ಒಂದು ಪ್ರಾಣಿ, ಮರ್ಯಾದೆಯಿಂದ ಕೂಡುವ ಒಂದು ಸಭೆ ಇದ್ದರೆ ಅವರು ತಮ್ಮನ್ನು ತಾವೇ ಹತೋಟಿಗೆ ತಂದುಕೊಳ್ಳಬಲ್ಲರೆಂಬುದು ಅದರ ಸಾರ. ಆದರೆ ರಿಟ್ರೀಟ್ ಚಿಕ್ಕದು. ವರ್ಕ್‌ಹೌಸುಗಳ ಮುದುಕರಿಗೆ ಈ ಗಾಳಿ ಬೀಸುವುದಕ್ಕೆ ಇನ್ನೂ ಎಂಬತ್ತು ವರ್ಷಗಳೇ ಬೇಕಾದುವು.

ಬೀಸಿದುದು ೧೮೮೨ರಲ್ಲಿ, ಒಬ್ಬ ದೊರೆಸಾನಿಯಿಂದ. ಲಾಡರ್‌ಡೇಲ್ ಜಹಗೀರಿನ ಮನೆತನದ ಮೇರಿ ಎಂಬಾಕೆ ೧೮೬೮ರಲ್ಲಿ ರೆಜಿನಾಲ್ಡ್ ಬ್ರಾಬಜಾನ್ ಎಂಬ ಐರಿಷ್ ಶ್ರೀಮಂತನನ್ನು ಮದುವೆಯಾದಳು. ೧೮೮೭ರಲ್ಲಿ ಆತನಿಗೆ ಮೀತ್ ಪ್ರಭುವೆಂಬ ಪದವಿ ಬಂದಿತು. ವರ್ಕ್‌ಹೌಸಿನ ಬೆಂಚುಗಳ ಮೇಲೆ ಕುಳಿತ ಅಶಕ್ತರ ವಿಷಯದಲ್ಲಿ ಆಕೆ ಒಂದು ಉಪಾಯ ಮಾಡಿದಳು. ಬಡವರ ಕಾಯಿದೆಯ ಕೆಲಸಕ್ಕೆ ಅನರ್ಹರಾದವರಿಗೆ ಮಾತ್ರ ನೂಲು, ಸೂಜಿ, ಬಟ್ಟೆ, ಬೆತ್ತ ಮುಂತಾದುವನ್ನು ಕೊಡುವುದು. ಊರಿನ ಹೆಂಗಸರು ವಾರಕ್ಕೊಮ್ಮೆ ಬಂದು ಹೆಣಿಗೆ, ಕಸೂತಿ, ಜಾಲರಿ, ಬುಟ್ಟಿ ಹೆಣೆಯುವುದು, ಮರದ ಕೆತ್ತನೆ ಇವುಗಳಲ್ಲಿ ಯಾರಿಗೆ ಯಾವುದು ಒಗ್ಗುವುದೋ ಅದನ್ನು ಕಲಿಸುವುದು. ತಯಾರಾದ ವಸ್ತುಗಳನ್ನು ಮಾರಿ, ಬಂದ ಹಣದಿಂದ ಮತ್ತೆ ಸಾಮಗ್ರಿ ತರುವುದು, ಮಿಕ್ಕರೆ ನಿವಾಸಿಗಳಿಗೆ ಒಂದು ಸಂತೋಷಕೂಟ. ವರ್ಕ್‌ಹೌಸಿನ ಆಡಳಿತಗಾರರು ಖರ್ಚಿಗೆ ಹೆದರುವವರೆಂಬುದು ಆಕೆಗೆ ತಿಳಿದಿದ್ದಿತು. ಆದುದರಿಂದ ಮೊದಲ ಸಾಮಗ್ರಿಯ ವೆಚ್ಚವನ್ನು ತಾನೇ ಕೊಡುವೆನೆಂದಳು. ಲಂಡನ್ನಿನ ಕೆನ್ಸಿಂಗ್‌ಟನ್ ವರ್ಕ್‌ಹೌಸು ಒಪ್ಪಿಕೊಂಡಿತು. ಅಲ್ಲಿಂದ ಈ ‘ಬ್ರಾಬಜಾನ್ ಪದ್ಧತಿ’ ದೇಶದ ಅನೇಕ ವರ್ಕ್‌ಹೌಸುಗಳಿಗೆ ಹರಡಿತು.

ಈ ಪದ್ಧತಿಯನ್ನು ಶ್ರೀಮಂತರ ಹೊತ್ತು ಹೋಗದ ದಾನವೆಂದು ಹೀಯಾಳಿಸುವುದು ಸುಲಭ. ಹಾಗೆ ಹೀಯಾಳಿಸುವವರು ಬಿಚ್ಚುವುದಕ್ಕೂ ಹೆಣೆಯುವುದಕ್ಕೂ ಇರುವ ಅಂತರವನ್ನು ಗಮನಿಸಲಿ. ಎರಡರಲ್ಲಿಯೂ ಇರುವುದು ಎಳೆಯೇ, ಎರಡರಲ್ಲಿಯೂ ದುಡಿಯುವುದು ಬೆರಳುಗಳೇ. ಹಗ್ಗ ಬಿಚ್ಚಿದವನ ಕೈಯಲ್ಲಿ ಸಂಜೆಗೆ ನಾರಿನ ರಾಶಿ. ಕಾಲುಚೀಲ ಹೆಣೆದವಳ ಕೈಯಲ್ಲಿ ಒಂದು ಕಾಲುಚೀಲ. ಅದನ್ನು ಒಬ್ಬರು ಕೊಂಡು ತೊಟ್ಟುಕೊಂಡು ನಡೆಯುವರು. ಒಲ್ಲೆನೆಂದವರನ್ನು ಈ ಪದ್ಧತಿ ಬಲವಂತಪಡಿಸಲಿಲ್ಲ. ವಾರವಾರವೂ ಅದೇ ಹೆಂಗಸು ಬಂದು ಅದೇ ಮುದುಕಿಯ ಬಳಿ ಕುಳಿತುದರಿಂದ ಹೆಸರೂ ತಿಳಿಯಿತು. ಇಂದಿನ ಕಲಾಪಯೋಜಕರ ವಂಶವೃಕ್ಷವನ್ನು ಬರೆಯಹೊರಟರೆ ಮೂಲಪುರುಷನ ಸ್ಥಾನದಲ್ಲಿ ಈ ಸ್ತ್ರೀಯನ್ನು ನಿಲ್ಲಿಸಬೇಕೆಂದು ನನ್ನ ಮತ.

ಪ್ರಾಸಂಗಿಕವಾಗಿ ಒಂದು ಮಾತು. ಈಕೆಯ ಗಂಡನೂ ಸಾಮಾನ್ಯನಲ್ಲ. ವಿಕ್ಟೋರಿಯ ರಾಣಿಯ ಹುಟ್ಟಿದ ದಿನವಾದ ಮೇ ೨೪ನ್ನು ‘ಸಾಮ್ರಾಜ್ಯ ದಿನ’ವೆಂದು ಬ್ರಿಟಿಷರ ಅಧೀನ ದೇಶಗಳ ಶಾಲಾಬಾಲಕರೆಲ್ಲರೂ ಆಚರಿಸಬೇಕೆಂದು ವರ್ಷಗಟ್ಟಲೆ ದುಡಿದವನು ಆತನೇ. ೧೯೫೮ರಲ್ಲಿ ಆ ದಿನದ ಹೆಸರೇ ಬದಲಾಯಿತು. ಸಾಮ್ರಾಜ್ಯವಂತೂ ಅಷ್ಟರಲ್ಲಿಯೇ ಕರಗುತ್ತಿದ್ದಿತು. ಹೆಂಡತಿಯು ಮುದುಕಿಯರ ಕೈಗೆ ಕೊಟ್ಟ ಹೆಣಿಗೆಯ ಕಡ್ಡಿಗಳು ಮಾತ್ರ ಇಂದಿಗೂ ವೃದ್ಧನಿಲಯಗಳಲ್ಲಿ ಓಡಾಡುತ್ತಿವೆ. ಮೂವತ್ತು ವರ್ಷ ಶಾಲೆಯಲ್ಲಿ ಚರಿತ್ರೆ ಹೇಳಿದ ನನಗೆ ಪಠ್ಯಪುಸ್ತಕಗಳು ಗಂಡನಂತಹವರನ್ನೇ ನೆನಪಿಡುವುದು ಏಕೆಂಬುದು ಈಗಲೂ ತಿಳಿದಿಲ್ಲ.

ಆಮೇಲಿನ ಹತ್ತು ಹನ್ನೆರಡು ವರ್ಷಗಳಲ್ಲಿ ಸರಕಾರದ ಬಿಗಿಯೂ ಸ್ವಲ್ಪ ಸ್ವಲ್ಪವಾಗಿ ಸಡಿಲಿತು. ಮುದುಕರಿಗೆ ಪುಸ್ತಕ ಪತ್ರಿಕೆಗಳನ್ನು ತರಿಸಬಹುದೆಂದು ೧೮೯೧ರಲ್ಲಿಯೂ, ಹೊಗೆಸೊಪ್ಪು ನಶ್ಯಗಳನ್ನು ಕೊಡಬಹುದೆಂದು ೧೮೯೨ರಲ್ಲಿಯೂ ಅಪ್ಪಣೆಯಾಯಿತು. ೧೮೯೪ರಲ್ಲಿ ಮುದುಕಿಯರಿಗೆ ಚಹದ ಸೊಪ್ಪನ್ನೂ ಸಕ್ಕರೆ ಹಾಲನ್ನೂ ಕೈಗೇ ಕೊಟ್ಟು, ಬೇಕಾದಾಗ ತಾವೇ ಕಾಸಿಕೊಳ್ಳಲು ಬಿಡಬಹುದೆಂದಾಯಿತು. ಕಡೆಯದು ನೋಡುವುದಕ್ಕೆ ಅಲ್ಪವೆಂದು ತೋರೀತು. ಆದರೆ ಗಂಟೆ ಬಾರಿಸಿದಾಗ ಸಾಲಿನಲ್ಲಿ ನಿಂತು ಕುಡಿಯುವ ಚಹವೂ, ನೆರೆಯವಳನ್ನು ಕರೆದು ‘ಬಾ, ಸ್ವಲ್ಪ ಕುಡಿ’ ಎಂದು ಕೊಡುವ ಚಹವೂ ಒಂದೇ ಪಾನೀಯವಲ್ಲವೆಂಬುದನ್ನು ಮನೆವಾರ್ತೆ ಬಲ್ಲ ಯಾರೂ ಒಪ್ಪುವರು. ಅತಿಥಿಸತ್ಕಾರ ಮಾಡುವ ಅಧಿಕಾರ ಅರುವತ್ತು ವರ್ಷಗಳ ಮೇಲೆ ಆ ಹೆಂಗಸರಿಗೆ ಮರಳಿ ಬಂದಿತು. ೧೯೦೯ರಿಂದ ಎಪ್ಪತ್ತು ದಾಟಿದ ಬಡವರಿಗೆ ವಾರಕ್ಕೆ ಐದು ಷಿಲ್ಲಿಂಗಿನವರೆಗೆ ವೃದ್ಧಾಪ್ಯವೇತನವೂ ದೊರೆಯಿತು.

ಅಮೆರಿಕದಲ್ಲಿ ನಡೆದುದನ್ನು ಸಂಕ್ಷೇಪವಾಗಿ ಹೇಳುವೆನು. ಜಾರ್ಜ್ ಬಾರ್ಟನ್ ಎಂಬ ವಾಸ್ತುಶಿಲ್ಪಿ ಕ್ಷಯರೋಗದಿಂದ ನರಳಿ, ಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಒಂದು ಪಕ್ಕ ಸ್ವಾಧೀನ ತಪ್ಪಿ, ತೋಟದ ಕೆಲಸ ಮರಗೆಲಸಗಳಿಂದ ತನ್ನನ್ನು ತಾನೇ ಎಬ್ಬಿಸಿಕೊಂಡನು. ನ್ಯೂಯಾರ್ಕ್ ಪ್ರಾಂತದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬಲ್ಲಿದ್ದ ಅವನ ಮನೆಯಲ್ಲಿ ೧೯೧೭ನೆಯ ಮಾರ್ಚಿಯಲ್ಲಿ ಕೆಲವರು ಸೇರಿ, ಉದ್ಯೋಗದಿಂದ ಚಿಕಿತ್ಸೆ ಮಾಡುವ ವಿದ್ಯೆಗೆ ಒಂದು ಸಂಘವನ್ನು ಕಟ್ಟಿದರು. ಮೊದಲನೆಯ ಮಹಾಯುದ್ಧದ ಗಾಯಾಳುಗಳು ಆ ವಿದ್ಯೆಯನ್ನು ಬೆಳೆಸಿದರು. ನಮ್ಮ ದೇಶಕ್ಕೆ ಅದನ್ನು ತಂದ ಕೀರ್ತಿ ಕಮಲಾ ನಿಂಬ್ಕರ್ ಅವರದು. ಅಮೆರಿಕದ ಕ್ವೇಕರ್ ಮನೆತನದಲ್ಲಿ ಹುಟ್ಟಿ, ಮಹಾರಾಷ್ಟ್ರದ ಗೃಹಸ್ಥರನ್ನು ವರಿಸಿ ಭಾರತೀಯರಾದ ಆಕೆ ೧೯೫೦ರಲ್ಲಿ ಮುಂಬಯಿಯ ಕೆ. ಇ. ಎಂ. ಆಸ್ಪತ್ರೆಯಲ್ಲಿ ಉದ್ಯೋಗಚಿಕಿತ್ಸೆಯ ಶಾಲೆಯನ್ನು ತೆರೆದರು. ಯಾರ್ಕಿನ ಚಹದ ವರ್ತಕನ ಪಂಥವೇ ಇಲ್ಲಿಯೂ ಕಾಣಿಸಿಕೊಂಡುದು ಆಕಸ್ಮಿಕವಿರಬಹುದು. ನನಗೆ ಅದು ಸಂತೋಷಕೊಟ್ಟ ಆಕಸ್ಮಿಕ.

ಇಂಗ್ಲೆಂಡಿನ ಮುದುಕರ ಕಥೆಗೆ ಹಿಂದಿರುಗೋಣ. ೧೯೩೫ರಲ್ಲಿ ಲಂಡನ್ನಿನ ಪಕ್ಕದ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯವರು ನೆರೆಯ ಹಳೆಯ ಬಡವರ ಚಿಕಿತ್ಸಾಲಯವನ್ನು ತಮ್ಮ ಆಡಳಿತಕ್ಕೆ ತೆಗೆದುಕೊಂಡರು. ಅಲ್ಲಿದ್ದವರು ೭೧೪ ಮಂದಿ. ಅವರಲ್ಲಿ ಬಹುಮಂದಿ ಹಾಸಿಗೆ ಹಿಡಿದ ವೃದ್ಧರು. ಅವರ ಭಾರ ಮಾರ್ಜರಿ ವಾರೆನ್ ಎಂಬ ವೈದ್ಯೆಯ ಮೇಲೆ ಬಿದ್ದಿತು. ಆಕೆ ಮಾಡಿದ ಮೊದಲ ಕೆಲಸವೆಂದರೆ ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿದ್ದು. ವರ್ಷಗಟ್ಟಲೆ ಯಾರೂ ಅದನ್ನು ಮಾಡಿರಲಿಲ್ಲ! ಪರೀಕ್ಷಿಸಿದಾಗ ತಿಳಿದುದೇನೆಂದರೆ, ಅನೇಕರು ಏಳಲಾರದ ರೋಗದಿಂದ ಮಲಗಿದವರಲ್ಲ, ಮಲಗಿಯೇ ಏಳಲಾರದಂತಾದವರು. ಕೀಲುಗಳು ಬಿಗಿದಿದ್ದುವು, ಸ್ನಾಯುಗಳು ಸೊರಗಿದ್ದುವು, ಎದ್ದು ಹೋಗಿ ಮಾಡಬೇಕಾದುದೇನೂ ಇಲ್ಲದ್ದರಿಂದ ಏಳುವ ಇಚ್ಛೆಯೇ ಸತ್ತಿದ್ದಿತು. ವಾರೆನ್ ಗೋಡೆಗಳಿಗೆ ತಿಳಿಯಾದ ಬಣ್ಣ ಹೊಡೆಯಿಸಿದಳು, ಹಾಸಿಗೆಗಳಿಗೆ ಬಣ್ಣದ ಹೊದಿಕೆ ಹಾಕಿಸಿದಳು, ಹಿಡಿದು ನಡೆಯಲು ಕಂಬಿಗಳನ್ನು ಹಾಕಿಸಿದಳು. ಒಬ್ಬೊಬ್ಬರಾಗಿ ಎಬ್ಬಿಸಿ ಕುಳ್ಳಿರಿಸಿ ನಿಲ್ಲಿಸಿ ನಡೆಯಿಸಿ, ಉಡುಪನ್ನು ತಾವೇ ತೊಡುವಂತೆ ಮಾಡಿದಳು. ಅನೇಕರು ಮನೆಗೆ ಹಿಂದಿರುಗಿದರು. ೧೯೪೩ರಲ್ಲಿಯೂ ೧೯೪೬ರಲ್ಲಿಯೂ ವೈದ್ಯಪತ್ರಿಕೆಗಳಲ್ಲಿ ಆಕೆ ಬರೆದ ಲೇಖನಗಳಿಂದ ವೃದ್ಧವೈದ್ಯವೆಂಬ ಶಾಖೆಯೇ ಆ ದೇಶದಲ್ಲಿ ನೆಲೆಗೊಂಡಿತು. ಸುಮ್ಮನೆ ಇರಿಸುವುದು ನಿರಪಾಯವೆಂದು ನಂಬಿದ್ದವರಿಗೆ ಸುಮ್ಮನಿರುವುದೇ ವಿಷವೆಂದು ಹಾಸಿಗೆಯ ಪಕ್ಕದಲ್ಲಿ ನಿಂತು ತೋರಿಸಿಕೊಟ್ಟವಳು ಈಕೆ.

೧೯೪೮ನೆಯ ಜುಲೈ ೫ರಂದು ಬಡವರ ಕಾಯಿದೆ ಅಳಿಯಿತು. ವರ್ಕ್‌ಹೌಸುಗಳ ಬದಲಾಗಿ ಚಿಕ್ಕ ಚಿಕ್ಕ ನಿಲಯಗಳು ಬರುವುವೆಂದೂ, ಅಲ್ಲಿ ಮುದುಕರು ಹೋಟಲಿನ ಅತಿಥಿಗಳಂತೆ ಇರುವರೆಂದೂ ಮಂತ್ರಿ ಅನ್ಯೂರಿನ್ ಬೆವನ್ ಮುಂತಾದವರು ಆಸೆಯಿಟ್ಟರು. ಹತ್ತು ವರ್ಷಗಳ ತರುವಾಯ ಪೀಟರ್ ಟೌನ್‌ಸೆಂಡ್ ಎಂಬ ಸಮಾಜಶಾಸ್ತ್ರಜ್ಞನು ಆ ಆಸೆಯ ಫಲವನ್ನು ನೋಡಹೊರಟನು. ಇಂಗ್ಲೆಂಡು ವೇಲ್ಸುಗಳ ೧೭೩ ನಿಲಯಗಳನ್ನು ಸಂದರ್ಶಿಸಿ ೧೯೬೨ರಲ್ಲಿ ‘ಕಡೆಯ ಆಶ್ರಯ’ವೆಂಬ ಅರ್ಥದ ಹೆಸರಿಟ್ಟು ಗ್ರಂಥವನ್ನು ಪ್ರಕಟಿಸಿದನು. ಹಳೆಯ ವರ್ಕ್‌ಹೌಸು ಕಟ್ಟಡಗಳಲ್ಲಿ ಎಷ್ಟೋ ಇನ್ನೂ ಬಳಕೆಯಲ್ಲಿಯೇ ಇದ್ದುವು. ಊಟ ಉತ್ತಮಗೊಂಡಿತ್ತು, ಬೆಂಚಿನ ಬದಲು ಕುರ್ಚಿ ಬಂದಿತ್ತು. ಕುರ್ಚಿಗಳು ಗೋಡೆಯ ಉದ್ದಕ್ಕೇ ಇದ್ದುವು. ಹೋಟಲಿನ ಉಪಮೆಯಲ್ಲಿಯೇ ದೋಷವಿದ್ದಿತೆಂದು ನನಗೆ ತೋರುವುದು. ಹೋಟಲಿನಲ್ಲಿ ಇಳಿದವನಿಗೆ ಹೊರಗೆ ಒಂದು ವ್ಯವಹಾರವಿರುತ್ತದೆ. ಅದಕ್ಕಾಗಿಯೇ ಅವನು ಇಳಿದಿರುತ್ತಾನೆ. ವ್ಯವಹಾರವೇ ಇಲ್ಲದವನಿಗೆ ಎಷ್ಟು ಉಪಚಾರ ಮಾಡಿದರೂ ಅದು ಕಾಯುವ ಕೊಠಡಿಯೇ ಸರಿ.

ಮುಂದಿನ ಮೂವತ್ತು ವರ್ಷಗಳಲ್ಲಿ ಈ ಖಾಲಿಯನ್ನು ತುಂಬುವ ಯೋಚನೆಗಳು ಅಮೆರಿಕದಿಂದ ಬಂದುವು. ಮುದುಕರು ಹಳೆಯದನ್ನೇ ಹೇಳುತ್ತಿರುವುದು ಬುದ್ಧಿಮಾಂದ್ಯದ ಗುರುತಲ್ಲ, ಬಾಳಿದ ಬಾಳನ್ನು ಒಮ್ಮೆ ತಿರುಗಿ ನೋಡಿ ಲೆಕ್ಕ ಒಪ್ಪಿಸುವ ಕೆಲಸವೆಂದು ರಾಬರ್ಟ್ ಬಟ್ಲರ್ ಎಂಬ ಮನೋವೈದ್ಯನು ೧೯೬೩ರಲ್ಲಿ ವಾದಿಸಿದನು. ಅಂದಿನಿಂದ ನೆನಪಿನ ಮಾತನ್ನು ಕೇಳುವುದೂ ಒಂದು ಕಲಾಪವಾಯಿತು. ೧೯೭೬ರಲ್ಲಿ ಎಲೆನ್ ಲ್ಯಾಂಗರ್, ಜೂಡಿತ್ ರೋಡಿನ್ ಎಂಬಿಬ್ಬರು ಕನೆಕ್ಟಿಕಟ್ ಪ್ರಾಂತದ ಒಂದು ನಿಲಯದಲ್ಲಿ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಒಂದು ಮಹಡಿಯವರಿಗೆ, ಈ ಮನೆ ನಿಮ್ಮದು, ನಿಮ್ಮ ದಿನವನ್ನು ನೀವೇ ಗೊತ್ತುಮಾಡಿಕೊಳ್ಳಿರಿ ಎಂದು ಹೇಳಿ, ಬೇಕೆಂದವರಿಗೆ ಒಂದು ಗಿಡವನ್ನು ಆರಿಸಿಕೊಂಡು ಸಾಕಲು ಕೊಟ್ಟರು; ಚಲಚ್ಚಿತ್ರವನ್ನು ಯಾವ ದಿನ ನೋಡಬೇಕೆಂಬುದನ್ನೂ ಅವರಿಗೇ ಬಿಟ್ಟರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಆದರೆ ನೀರೆರೆಯುವವರು ದಾದಿಯರು. ಚಿತ್ರವನ್ನೂ ತೋರಿಸಿದರು, ದಿನವನ್ನು ಗೊತ್ತುಮಾಡಿದವರು ನಿಲಯದವರು. ಮೊದಲನೆಯವರು ಹೆಚ್ಚು ಚುರುಕಾದರು, ಹೆಚ್ಚು ಸಂತೋಷದಿಂದಿದ್ದರು. ಹದಿನೆಂಟು ತಿಂಗಳ ಮೇಲೆ ನೋಡಲಾಗಿ ಮೊದಲ ಗುಂಪಿನ ೪೭ ಮಂದಿಯಲ್ಲಿ ೭ ಮಂದಿಯೂ, ಎರಡನೆಯ ಗುಂಪಿನ ೪೪ ಮಂದಿಯಲ್ಲಿ ೧೩ ಮಂದಿಯೂ ತೀರಿಕೊಂಡಿದ್ದರು. ಈ ಅಂಕಿಗಳನ್ನು ಗಿಡಕ್ಕೆ ನೀರೆರೆದರೆ ಆಯುಸ್ಸು ಬೆಳೆಯುವುದೆಂಬಂತೆ ಸಾರುವವರಿದ್ದಾರೆ. ಗುಂಪುಗಳು ಚಿಕ್ಕವು, ಲೆಕ್ಕದಲ್ಲಿ ಒಂದು ತಪ್ಪಿತ್ತೆಂದೂ ವ್ಯತ್ಯಾಸದ ಬಲ ಮೊದಲು ಹೇಳಿದಷ್ಟಿಲ್ಲವೆಂದೂ ಅವರೇ ೧೯೭೮ರಲ್ಲಿ ತಿದ್ದುಪಡಿ ಪ್ರಕಟಿಸಿದರು. ಆದುದರಿಂದ ಆಯುಸ್ಸಿನ ಮಾತನ್ನು ಬದಿಗಿಟ್ಟು, ಎರಡು ಮಹಡಿಗಳಲ್ಲಿಯೂ ಗಿಡವಿತ್ತು, ಚಿತ್ರವಿತ್ತು ಎಂಬುದನ್ನಷ್ಟೇ ಗಮನಿಸಿದರೆ ಸಾಕು. ಕಲಾಪ ಒಂದೇ; ಯಜಮಾನ ಬೇರೆ.

ಅಮೆರಿಕದ ಸಂಸ್ಥಾನವು ೧೯೮೭ರ ಕಾನೂನಿನಿಂದ, ಸರಕಾರದ ಹಣ ಪಡೆಯುವ ಶುಶ್ರೂಷಾನಿಲಯಗಳಲ್ಲಿ ತಕ್ಕ ಶಿಕ್ಷಣ ಪಡೆದವರ ಮೇಲ್ವಿಚಾರಣೆಯಲ್ಲಿ ಕಲಾಪಗಳು ನಡೆಯತಕ್ಕದ್ದೆಂದು ವಿಧಿಸಿತು. ಇಂಗ್ಲೆಂಡಿನಲ್ಲಿ ಇಂತಹ ಕೆಲಸಗಾರರ ರಾಷ್ಟ್ರೀಯ ಸಂಘವೊಂದು ೧೯೯೭ರಲ್ಲಿ ಹುಟ್ಟಿತು. ಅದೇ ವರ್ಷ ಟಾಮ್ ಕಿಟ್‌ವುಡ್ ಎಂಬ ವಿದ್ವಾಂಸನು ಮರೆವಿನ ರೋಗಕ್ಕೆ ಸಿಕ್ಕಿದವರ ಅಗತ್ಯಗಳನ್ನು ಎಣಿಸುವಾಗ ಸಾಂತ್ವನ, ಬಾಂಧವ್ಯ ಮೊದಲಾದುವುಗಳ ಸಾಲಿನಲ್ಲಿಯೇ ಉದ್ಯೋಗವನ್ನೂ ಸೇರಿಸಿದನು. ಹೆಸರು ಮರೆತವನಿಗೂ ಕೈಕೆಲಸ ಮರೆಯದಿರಬಹುದೆಂಬುದು ಆ ಕೆಲಸದಲ್ಲಿ ಇರುವವರಿಗೆಲ್ಲ ಅನುಭವಸಿದ್ಧ.

ಹಾಗಾದರೆ ಇಂದು ಕಲಾಪಯೋಜಕರು ಚೆನ್ನಾಗಿ ಕೆಲಸ ಮಾಡುತ್ತಿರುವರೆ? ಎಲ್ಲೆಡೆಯೂ ಅಲ್ಲ. ಗೋಡೆಯ ಮೇಲೆ ಬಣ್ಣಬಣ್ಣದ ವೇಳಾಪಟ್ಟಿ ತೂಗುಹಾಕಿ, ಸೋಮವಾರ ಅಂಕಿಯಾಟ, ಮಂಗಳವಾರ ಹಾಡು, ಬುಧವಾರ ಕುರ್ಚಿಯ ವ್ಯಾಯಾಮ ಎಂದು ಬರೆದು, ಚಪ್ಪಾಳೆ ತಟ್ಟಿಸಿ ಮುಗಿಸುವವರೂ ಉಂಟು. ಐವತ್ತು ಮುದುಕರಿಗೆ ಒಬ್ಬಳೇ ಇದ್ದು, ದಾದಿಯರು ಸಾಲದ ದಿನ ಅವಳನ್ನೇ ತಟ್ಟೆ ತೊಳೆಯಲು ಕಳುಹಿಸಿದರೆ ಅವಳಾದರೂ ಏನು ಮಾಡಿಯಾಳು? ಆ ಕೆಲಸದ ಜೀವಾಳ ಪಟ್ಟಿಯಲ್ಲಿಲ್ಲ. ಹೊಸಬರು ಬಂದಾಗ ಅವರು ಮೊದಲು ಏನಾಗಿದ್ದರು, ಬೆಳಗ್ಗೆ ಎಷ್ಟು ಹೊತ್ತಿಗೆ ಏಳುತ್ತಿದ್ದರು, ಯಾವುದನ್ನು ಕಂಡರೆ ಆಗುತ್ತಿರಲಿಲ್ಲ ಎಂದು ಕೇಳಿ ಬರೆದಿಡುವ ವೃತ್ತಾಂತದಲ್ಲಿರುವುದು. ಬೇಡವೆಂದವರನ್ನು ಬೇಡವೆನ್ನಲು ಬಿಡುವುದೂ ಅದರಲ್ಲಿ ಸೇರಿದೆ.

ನಮ್ಮ ದೇಶದ ವಿಷಯ ಎರಡು ಮಾತು. ಬ್ರಾಬಜಾನ್ ಪದ್ಧತಿ ಹುಟ್ಟಿದ ೧೮೮೨ರಲ್ಲಿಯೇ ‘ಬಡವರ ಚಿಕ್ಕ ಸೋದರಿಯರು’ ಎಂಬ ಫ್ರೆಂಚ್ ಮೂಲದ ಕ್ರೈಸ್ತ ಸಂನ್ಯಾಸಿನಿಯರು ಕಲ್ಕತ್ತೆಯಲ್ಲಿ ವೃದ್ಧರಿಗಾಗಿ ಮನೆಯನ್ನು ತೆರೆದರು. ಬೆಂಗಳೂರಿನಲ್ಲಿಯೂ ಅವರ ಮನೆಯುಂಟು. ನಮ್ಮಲ್ಲಿ ಅವಿಭಕ್ತ ಕುಟುಂಬವಿದ್ದಿತು, ಇದೆಲ್ಲ ಬೇಕಾಗಿರಲಿಲ್ಲ ಎಂದು ಹೇಳಿ ಸುಮ್ಮನಾಗುವುದು ವಾಡಿಕೆ. ಆ ಕುಟುಂಬದಲ್ಲಿ ಮುದುಕನಿಗೆ ಅನ್ನ ಮಾತ್ರವಲ್ಲ, ಪಂಚಾಂಗ ನೋಡುವ, ಮೊಮ್ಮಕ್ಕಳಿಗೆ ಬಾಯಿಪಾಠ ಹೇಳುವ, ಬಾಗಿಲಲ್ಲಿ ಕುಳಿತು ಬಂದವರನ್ನು ವಿಚಾರಿಸುವ ಅಧಿಕಾರಗಳಿದ್ದುವೆಂಬುದನ್ನು ಮರೆಯುತ್ತೇವೆ. ಭೀಷ್ಮನು ಶರಶಯ್ಯೆಯಲ್ಲಿ ಉತ್ತರಾಯಣವನ್ನು ಕಾಯುತ್ತ ಐವತ್ತೆಂಟು ರಾತ್ರಿ ಕಳೆದನೆಂದು ಭಾರತ ಹೇಳುವುದು. ಆ ಹೊತ್ತನ್ನು ತುಂಬಿದುದು ಉಪಚಾರವಲ್ಲ, ಪ್ರಶ್ನೆ. ಯುಧಿಷ್ಠಿರನಿಗೆ ಕೇಳಬೇಕಾದ ಸಂದೇಹಗಳಿದ್ದುವು, ಭೀಷ್ಮನಿಗೆ ಹೇಳಬೇಕಾದುದಿತ್ತು. ಇಬ್ಬರನ್ನೂ ಕೂಡಿಸಿ, ನೋವಿನಿಂದ ಮಾತು ಹೊರಡದ ಮುದುಕನ ನೋವನ್ನು ಮೊದಲು ಕಳೆದು, ಕೇಳುವವನನ್ನು ಮುಂ‌ದಕ್ಕೆ ತಂದು ನಿಲ್ಲಿಸಿದವನು ಕೃಷ್ಣ. ಕಲಾಪಯೋಜಕನ ಕೆಲಸವನ್ನು ಅಲ್ಲಿ ಅವನೇ ಮಾಡಿದನೆಂದರೆ ಪಂಡಿತರು ಕೋಪಿಸಿಕೊಳ್ಳಲಾರರೆಂದು ನಂಬಿದ್ದೇನೆ.

ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ೨೦೦೭ರಲ್ಲಿ ಭಾರತದ ಪಾರ್ಲಿಮೆಂಟು ಮಾಡಿದ ಕಾಯಿದೆಯ ೧೯ನೆಯ ವಿಧಿಯಲ್ಲಿ, ರಾಜ್ಯ ಸರಕಾರಗಳು ಜಿಲ್ಲೆಗೆ ಒಂದಾದರೂ, ಕನಿಷ್ಠ ೧೫೦ ನಿರ್ಗತಿಕ ವೃದ್ಧರು ಇರಬಹುದಾದ ವೃದ್ಧಾಶ್ರಮವನ್ನು ಸ್ಥಾಪಿಸಬಹುದೆಂದಿದೆ. ಅಲ್ಲಿ ಒದಗಿಸಬೇಕಾದ ಸೇವೆಗಳ ಯೋಜನೆಯನ್ನು ಹೇಳುವಾಗ ಕಾಯಿದೆಯು ವೈದ್ಯೋಪಚಾರವನ್ನೂ ‘ಮನರಂಜನೆಯ ಸಾಧನ’ಗಳನ್ನೂ ಹೆಸರಿಸಿದೆ. ಹೆಸರಿಸಿದುದು ಒಳ್ಳೆಯದೇ. ಆದರೆ ಮನರಂಜನೆಯ ಸಾಧನವೆಂದೊಡನೆ ನಮ್ಮ ಆಡಳಿತಗಾರರ ಕಣ್ಣಿಗೆ ಕಟ್ಟುವುದು ಗೋಡೆಗೆ ತೂಗುಹಾಕಿದ ಒಂದು ಟೆಲಿವಿಷನ್. ಅದನ್ನು ಕೊಂಡರೆ ರಶೀದಿ ಬರುತ್ತದೆ, ತಪಾಸಣೆಯವರಿಗೆ ತೋರಿಸಬಹುದು. ಅದರ ಮುಂದೆ ಮತ್ತೆ ಅದೇ ಸಾಲು ಕುರ್ಚಿಗಳು.

ನಮ್ಮ ಜಿಲ್ಲೆಯ ಒಂದು ಆಶ್ರಮಕ್ಕೆ ನಾನು ಶನಿವಾರಗಳಂದು ಭಾರತ ಓದಲು ಹೋಗುವುದುಂಟು. ಅಲ್ಲಿ ಕಲಾಪಯೋಜಕರೆಂಬ ಹುದ್ದೆಯಿಲ್ಲ. ಹಾಜರಿ ಪುಸ್ತಕದಲ್ಲಿ ಅಡಿಗೆಯ ಸಹಾಯಕಿಯೆಂದು ಬರೆದಿರುವ ಒಬ್ಬ ಹೆಂಗಸು ಆ ಕೆಲಸವನ್ನು ಮಾಡುತ್ತಾಳೆ. ನನ್ನ ಓದಿಗೆ ಬಾರದೆ ಹಿತ್ತಿಲಲ್ಲಿ ಕುಳಿತಿರುತ್ತಿದ್ದ ಬಡಗಿಯೊಬ್ಬನನ್ನು ಆಕೆ ಎಂದೂ ಒಳಕ್ಕೆ ಕರೆಯಲಿಲ್ಲ. ಕಾಲು ಅಲ್ಲಾಡುವ ಮಣೆಗಳನ್ನು ಒಂದೊಂದಾಗಿ ತಂದು ಅವನ ಪಕ್ಕದಲ್ಲಿ ಇಟ್ಟು ಹೋದಳು. ಮೂರನೆಯ ವಾರ ಅವನೇ ಉಳಿ ಕೇಳಿದನಂತೆ. ಈಗ ಆಶ್ರಮದ ಮಂಡಲಿಯವರ ಮುಂದೆ ಆಕೆಯ ಒಂದು ಅರ್ಜಿಯಿದೆ: ಇನ್ನೂರು ರೂಪಾಯಿನ ಮೊಳೆ, ಒಂದು ಉಜ್ಜುಗೊರಡು, ಮತ್ತು ಮಧ್ಯಾಹ್ನ ಎರಡು ಗಂಟೆಯಿಂದ ನಾಲ್ಕರವರೆಗೆ ತನ್ನನ್ನು ಅಡಿಗೆಮನೆಗೆ ಕರೆಯದೆ ಇರುವ ಅಪ್ಪಣೆ. ಮೊದಲ ಎರಡಕ್ಕೆ ಒಪ್ಪಿಗೆ ಬಂದಿದೆ.